ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ

ಪಾಲಮಲೆ
11-1-2024

ನನ್ನ ಕಣ್ಣಿನಂಥ ಮೇನಕಾಗೆ ಕುಪ್ಪಸ್ವಾಮಿ ಮಾವ ಬರೆಯುವುದು.

ಇಲ್ಲಿ ಎಲ್ಲರೂ ಸುಖ. ಎಲ್ಲರೂ ಅಂದರೆ ಮೇಚೇರಿ ಜಾತಿ ಕುರಿ ನಲವತ್ತೆರಡು, ಮರಿ ಹದಿನೇಳು, ನಿನ್ನ ಅತ್ತೆ ಚಿನ್ನಕ್ಕ, ಕಡೆಗೆ ನಾನು. ಅಲ್ಲಿ ಅದಿಯಮಾನ್‌ಕೋಟೆಯಲ್ಲಿ ನಮ್ಮಕ್ಕ, ಅಂದರೆ ನಿಮ್ಮಮ್ಮ, ಬೀದಿಗೆಲ್ಲ ಬುದ್ಧಿ ಹೇಳಿಕೊಂಡು ಚೆನ್ನಾಗಿರಬೇಕು.

ಫೋನ್ ಬಿಟ್ಟು ಕಾಗದ ಯಾಕೆ ಅಂತ ಕೇಳ್ತೀಯ. ನಮ್ಮ ಹಟ್ಟಿಯಲ್ಲಿ ಟವರ್ ಸಿಗಲ್ಲ. ಗುಡಿ ಪಕ್ಕದ ಬಂಡೆ ಹತ್ತಬೇಕು. ಮೊದಲು ಓಡಿ ಹತ್ತುತ್ತಿದ್ದೆ, ಈಗ ಬಿಡುವಿಲ್ಲ. ಜೀಪಿನ ಚಿನ್ನರಾಜ್ ಕೈಗೆ ಕೊಟ್ಟರೆ ಕೆಳಗೆ ಕೊಳತ್ತೂರಲ್ಲಿ ಅಂಚೆ ಡಬ್ಬಕ್ಕೆ ಹಾಕ್ತಾನೆ. ಅದೂ ಅಲ್ಲದೆ ನಿನಗೆ ಕನ್ನಡ ಅಕ್ಷರ ಕಲಿಸಿದವನು ನಾನು. ಕುರಿ ಪಿಕ್ಕೆ ಸಾಲಾಗಿ ಜೋಡಿಸಿ ಅ ಆ ಇ ಈ ಬರೆಸಿದ್ದು ಮರೆತೆಯಾ? ನೀನು ಓದಿದ್ದು ತಮಿಳು ಇಸ್ಕೂಲು. ನಾನು ಓದಿದ್ದು ಪಾಲಾರು ಹೊಳೆ ಆಚೆ, ಕರ್ನಾಟಕದ ಅಜ್ಜಿ ಊರಲ್ಲಿ, ಐದನೇ ಕ್ಲಾಸಿನ ತನಕ, ಆದರೂ ವಾತ್ಯಾರ್ ಮೇಷ್ಟ್ರಿಗೇ ಲೆಕ್ಕ ಹೇಳಿಕೊಡ್ತಿದ್ದೆ.

ಈಗ ವಿಷಯ. ಧರ್ಮಪುರಿ ಆಸ್ಪತ್ರಿಯಲ್ಲಿ ನೀನು ಸೂಜಿ ಚುಚ್ಚಿ ನೋವು ಬಿಡಿಸ್ತೀಯಂತೆ, ಚೀನಾ ವೈದ್ಯವಂತೆ. ಅದರಲ್ಲಿ ಕಾಲು ಸೋತವರಿಗೆ ಅಂತ ಒಂದು ಜಾಗ ಇದ್ದರೆ ಬರೆದು ಕಳಿಸು. ನನಗಲ್ಲ. ಇಲ್ಲಿ ಒಬ್ಬರಿಗೆ ಸಂಜೆ ಆಗ್ತಿದ್ದಂಗೆ ಮೊಣಕಾಲ ಕೆಳಗೆಲ್ಲ ಹತ್ತಿ ತುಂಬಿದಂಗೆ ಆಗ್ತದಂತೆ. ವಯಸ್ಸಾದವರು, ಪಾಪ. ಮಾಸಿ ತಿಂಗಳಿಗೆ, ಅಂದರೆ ಶಿವರಾತ್ರಿ ಹೊತ್ತಿಗೆ, ಮೆಟ್ಟೂರು ಡ್ಯಾಮಿನ ನೀರು ಇಳೀತದೆ. ಬಯಲಾದ ಜಾಗದಲ್ಲಿ ಹಸಿ ಹುಲ್ಲು ಬರ್ತದೆ. ಬೆಟ್ಟದ ಕುರಿಯೆಲ್ಲ ಅಲ್ಲಿಗೆ ಇಳೀಬೇಕು, ಮುಂದೆ ನಡೆಯೋನು ಯಾವಾಗಲೂ ನಾನೇ. ಅಷ್ಟರಲ್ಲಿ ಆ ಮನುಷ್ಯನ ಕಾಲು ಸರಿಯಾಗಬೇಕು.

ಕುಪ್ಪಸ್ವಾಮಿ

*

ಧರ್ಮಪುರಿ
24-1-2024

ಮಾವನಿಗೆ ಮೇನಕಾ ನಮಸ್ಕಾರ.

ನಿಮ್ಮ ಕಾಗದ ಓದಿ ಅಮ್ಮನೂ ನಾನೂ ತುಂಬ ನಕ್ಕೆವು. ಇಷ್ಟು ಕನ್ನಡ ಬರೆದು ನನಗೂ ಎಷ್ಟೋ ವರ್ಷ ಆಯಿತು, ನಿಧಾನವಾಗಿ ಬರೆಯುತ್ತಿದ್ದೇನೆ.

ನೀವು ಕೇಳಿದ ಜಾಗ ಇದೆ. ಮಂಡಿಚಿಪ್ಪಿನ ಕೆಳಗೆ, ಹೊರಮಗ್ಗುಲಲ್ಲಿ ಒಂದು ಸಣ್ಣ ಗುಳಿ ಸಿಗುತ್ತದೆ. ಅಲ್ಲಿಂದ ನಾಲ್ಕು ಬೆರಳು ಅಡ್ಡ ಇಟ್ಟು ಕೆಳಗೆ ಬನ್ನಿ. ಮುಂಗಾಲಿನ ಮೂಳೆಯಿಂದ ಒಂದು ಬೆರಳು ಆಚೆಗೆ ಒತ್ತಿ. ಸರಿಯಾದ ಜಾಗ ಸಿಕ್ಕರೆ ಜೋಮು ಹಿಡಿದ ಹಾಗೆ ಪಾದದ ಕಡೆಗೆ ಇಳಿಯುತ್ತದೆ. ಚೀನಾದವರು ಅದಕ್ಕೆ ಝೂ ಸಾನ್ ಲಿ ಅನ್ನುತ್ತಾರೆ, ಕಾಲಿನ ಮೂರು ಲೀ ಅಂತ ಅರ್ಥ. ಲೀ ಅಂದರೆ ನಮ್ಮ ಮೈಲಿಯ ಥರ ಅವರ ಅಳತೆ. ಸೋತು ಕೂತವನೂ ಇದನ್ನು ಒತ್ತಿಕೊಂಡರೆ ಇನ್ನು ಮೂರು ಲೀ ನಡೆಯುತ್ತಾನೆ ಎಂದು ಹೇಳಿಕೆ.

ದಿನಕ್ಕೆ ಎರಡು ಸಲ ಹೆಬ್ಬೆರಳಿನಲ್ಲಿ ಒತ್ತಿದರೆ ಸಾಕು. ನಾವು ಇಲ್ಲಿ ಸೂಜಿ ಹಾಕುತ್ತೇವೆ. ಕೆಲವರಿಗೆ ಒಣಗಿದ ಮಾಚಿಪತ್ರೆ ಸುತ್ತಿ ಕೆಂಡ ಮಾಡಿ ಆ ಜಾಗಕ್ಕೆ ಬಿಸಿ ಕೊಡುತ್ತೇವೆ, ಆಯಾಸಕ್ಕೆ ಅದು ಇನ್ನೂ ಒಳ್ಳೆಯದು.

ಅತ್ತೆಗೆ ತಾನೇ ಈ ಕಾಲುನೋವು? ನೋವು ಹೆಂಡತಿಗೆ ಅಂತ ಬಾಯಿಬಿಟ್ಟು ಹೇಳುವುದಕ್ಕೆ ನಿಮಗೆ ನಾಚಿಕೆ ಅಂತ ಅಮ್ಮ ಹೇಳಿದರು. ಇರಲಿ, ನಾನು ಕೇಳಿದೆ ಎಂದು ಅತ್ತೆಗೆ ಹೇಳಿ.

ಮೇನಕಾ

*

ಪಾಲಮಲೆ
12-2-2024

ಕಣ್ಣು ಮೇನಕಾಗೆ,

ನಿನ್ನ ಕಾಗದವನ್ನು ಹಟ್ಟಿಯವರನ್ನೆಲ್ಲ ಕೂಡಿಸಿ ಓದಿ ಹೇಳಿದೆ. ಅಕ್ಕನ ಮಗಳು ಡಾಕ್ಟರು ಅಂದರೆ ಸುಮ್ಮನೆಯಾ. ನಿನ್ನ ಜಾಗ ಸರಿಯಾಗೈತೆ. ಆದರೆ ಒಂದು ಮಾತು, ಕೋಪ ಮಾಡ್ಕಬೇಡ: ಇದು ಚೀನಾದವರು ಕಂಡುಹಿಡಿದದ್ದಲ್ಲ. ಕುಂಟೋ ಕುರಿಗೆ ನಮ್ಮ ತಾತ ಬರೆ ಹಾಕ್ತಿದ್ದದ್ದು ಹೆಚ್ಚು ಕಡಿಮೆ ಅಲ್ಲೇ. ನಮ್ಮ ಕುರಿಯೋನು ಯಾವನೋ ದಾರಿ ತಪ್ಪಿ ಚೀನಾಕ್ಕೆ ಓಗಿ ಹೇಳಿಕೊಟ್ಟವ್ನೆ, ಅಷ್ಟೇ.

ಮೊದಲು ಹೆಬ್ಬೆರಳಲ್ಲಿ ಒತ್ತಿ ನೋಡಿದೆವು. ಜೋಮು ಇಳೀತದೆ ಅಂತ ಬರೆದಿದ್ದೆಯಲ್ಲ, ಇಳೀಲಿಲ್ಲ. ನಾನೂ ಎಂಟು ದಿನ ಒತ್ತಿದೆ. ನಿನ್ನ ಸೂಜಿ ಇಲ್ಲಿಲ್ಲ, ಮಾಚಿಪತ್ರೆನೂ ಇಲ್ಲ. ಬಿಸಿ ಕೊಡಬೇಕು ತಾನೇ? ಅದು ನನ್ನ ಕೈ ಕೆಲಸ. ಈ ಬೆಟ್ಟದ ಮೇಲೆ ಕುರಿಗಾಗಲಿ ಮನುಷ್ಯರಿಗಾಗಲಿ ಬರೆ ಹಾಕೋದಕ್ಕೆ ಕುಪ್ಪಸ್ವಾಮಿ ಬಿಟ್ಟರೆ ಬೇರೆ ಕೈ ಐತಾ?

ಮನುಷ್ಯರಿಗೆ ಕಬ್ಬಿಣ ಇಡಬಾರದು, ಅರಿಶಿನ ಕೊಂಬನ್ನ ದೀಪಕ್ಕೆ ಹಿಡಿದು ಚುರ್ ಅನ್ನಿಸಬೇಕು. ಮೊದಲು ನನ್ನ ಎಡಗಾಲಿಗೇ ಇಟ್ಟುಕೊಂಡೆ. ಬಿಸಿಯೇ ಹತ್ತಲಿಲ್ಲ. ಕೊಂಬು ಹಳೇದು ಅಂತ ಇನ್ನೊಂದು ತರಿಸಿದೆ, ಅದೂ ಅಷ್ಟೇ. ಸಂತೆಯೋನು ಅರಿಶಿನದಲ್ಲೂ ಮೋಸ ಮಾಡ್ತಾನೆ ನೋಡು. ಆಮೇಲೆ ಕುರಿ ಬರೆ ಕಡ್ಡಿನೇ ಕೆಂಪಗೆ ಕಾಯಿಸಿ, ನಾಲ್ಕು ಬೆರಳು ಅಳೆದು, ಇಟ್ಟೆ. ಹತ್ತು ಎಣಿಸೋವರೆಗೂ ಇಟ್ಟೆ, ಕಣ್ಣು. ಸುತ್ತ ಕೂತವರು ಮುಖ ತಿರುಗಿಸಿದರು, ನಿನ್ನ ಅತ್ತೆ ಅತ್ತಳು. ನಾನು ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದೆ, ಹುಬ್ಬು ಕೂಡ ಅಲ್ಲಾಡಲಿಲ್ಲ. ನಮ್ಮ ಹಟ್ಟಿ ಮುನಿವೆಂಕಟಪ್ಪ ಎದ್ದು ಬಂದು ಕೈ ಮುಗಿದ. ನನ್ನ ಅರವತ್ತೊಂದು ವರ್ಷದಲ್ಲಿ ಇಂಥ ಗಂಡಸನ್ನ ನೋಡಿಲ್ಲ ಅಂದ.

ಅವತ್ತೇ ಎಂಟು ಜನ ನನ್ನ ಹತ್ತಿರ ಅದೇ ಜಾಗಕ್ಕೆ ಬರೆ ಹಾಕಿಸಿಕೊಂಡರು. ಅವರಿಗೆ ಕೊಂಬಲ್ಲೇ ಹಾಕಿದೆ, ಅಷ್ಟಕ್ಕೇ ಕೆಲವರು ಕೂಗಿದರು.

ಕಾಲು ಈಗ ಬಲವಾಗೈತೆ. ಜಾಲಿ ಮುಳ್ಳಿನ ಮೇಲೆ ನಡೆದರೂ ಗೊತ್ತಾಗಲ್ಲ, ಚರ್ಮ ಅಷ್ಟು ಗಟ್ಟಿ. ನಿನ್ನ ದೊಡ್ಡ ಡಾಕ್ಟರಿಗೆ ಈ ಸುದ್ದಿ ಹೇಳು.

ಮಾವ

*

ಧರ್ಮಪುರಿ
16-2-2024

ಮಾವ,

ಕಾಗದ ಈಗ ಬಂತು. ಅಂಚೆಯವರು ಹೋಗುವ ಮೊದಲೇ ಬರೆದು ಕಳಿಸುತ್ತಿದ್ದೇನೆ.

ಹತ್ತು ಎಣಿಸುವವರೆಗೆ ಕಾದ ಕಬ್ಬಿಣ ಇಟ್ಟರೂ ನೋವಾಗಲಿಲ್ಲ ಎಂದರೆ ಅದು ಧೈರ್ಯ ಅಲ್ಲ. ನಿಮ್ಮ ಕಾಲಿಗೆ ಅರಿವಿಲ್ಲ. ಹತ್ತಿ ತುಂಬಿದ ಹಾಗೆ ಆಗುವುದು ನಿಮಗೇ ಅಂತ ಈಗ ಗೊತ್ತಾಯಿತು. ಇದು ಸಾಮಾನ್ಯವಾಗಿ ಸುಗರಿನಿಂದ, ಸಕ್ಕರೆ ಕಾಯಿಲೆಯಿಂದ ಬರುತ್ತದೆ. ಸುಗರ್ ಇದ್ದವರ ಸುಟ್ಟ ಗಾಯ ಮಾಗುವುದಿಲ್ಲ, ಒಳಗೇ ಕೊಳೆಯುತ್ತದೆ. ಕಾಲು ಹೋಗುವಷ್ಟಕ್ಕೂ ಬರುತ್ತದೆ, ಮಾವ. ಹೆದರಿಸುತ್ತಿಲ್ಲ, ನಮ್ಮ ವಾರ್ಡಿನ ಪಕ್ಕದಲ್ಲೇ ದಿನವೂ ನೋಡುತ್ತೇನೆ.

ಈ ಕಾಗದ ಸಿಕ್ಕ ದಿನವೇ ಇಳಿದು ಕೊಳತ್ತೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಗಾಯಕ್ಕೆ ಸೊಪ್ಪು, ಸುಣ್ಣ, ಬೂದಿ ಏನೂ ಹಾಕಬೇಡಿ. ಅಂಗಾಲಿನಲ್ಲಿ ಮುಳ್ಳು ಇದೆಯೇ ಎಂದು ಅತ್ತೆ ಕೈಯಲ್ಲಿ ನೋಡಿಸಿ. ನಿಮಗೆ ಗೊತ್ತಾಗುವುದಿಲ್ಲ.

ಆ ಎಂಟು ಜನರನ್ನೂ ಕರೆದುಕೊಂಡು ಬನ್ನಿ.

ಬಿಸಿ ಕೊಡುತ್ತೇವೆ ಎಂದು ಬರೆದವಳು ನಾನು. ಚರ್ಮಕ್ಕೆ ತಾಗಿಸದೆ ದೂರ ಹಿಡಿಯುತ್ತೇವೆ ಎಂದು ಬರೆಯಲಿಲ್ಲ. ನೀವು ಬರೆ ಹಾಕುವವರು ಅನ್ನುವುದು ನನಗೆ ಚಿಕ್ಕಂದಿನಿಂದ ಗೊತ್ತು, ಆದರೂ ತೋಚಲಿಲ್ಲ.

ಮೇನಕಾ

*

ಪಾಲಮಲೆ
6-3-2024

ಕಣ್ಣು,

ನಿನ್ನ ಕಾಗದ ಬಂದು ಎರಡು ವಾರ ಆಯಿತು. ಬರೆಯೋಕೆ ಬಿಡುವಾಗಲಿಲ್ಲ. ಕುರಿ ಡ್ಯಾಮಿಗೆ ಇಳಿಸೋ ಕಾಲ, ನಿನಗೆ ಗೊತ್ತಲ್ಲ.

ಈ ಸಲದ ಕಾಗದ ಯಾರಿಗೂ ಓದಿ ಹೇಳಲಿಲ್ಲ. ನೀನು ಚಿಕ್ಕವಳು, ಪುಸ್ತಕ ಓದಿ ಭಯ ಬಿದ್ದಿದ್ದೀಯ. ಸುಗರ್ ಅನ್ನೋದು ಕೂತು ತಿನ್ನೋ ಟೌನಿನವರಿಗೆ. ನಾನು ತಿನ್ನೋದು ರಾಗಿ ಹಿಟ್ಟು, ನಡೆಯೋದು ದಿನಕ್ಕೆ ಹತ್ತು ಮೈಲಿ. ಮುಳ್ಳು ನೋಡು ಅಂತ ಅತ್ತೆಗೆ ಹೇಳೋಕೆ ಆಗ್ತದಾ? ನಲವತ್ತು ವರ್ಷದಿಂದ ಅವಳ ಕಾಲಿನ ಮುಳ್ಳು ತೆಗೆದವನು ನಾನು.

ಬರೆ ಗಾಯ ವಣಗ್ತಾ ಐತೆ. ಸ್ವಲ್ಪ ನೀರು ಬರ್ತದೆ, ಅದು ಕೆಟ್ಟ ನೀರು ಓಗೋದು.

ಎಂಟು ಜನರ ವಿಷಯ ಬರೆದಿದ್ದೀಯ. ನಾನು ಬರೆ ಹಾಕಿದ್ದು ತಪ್ಪಾಯ್ತು, ಡಾಕ್ಟರ ಹತ್ರ ಬನ್ನಿ ಅಂತ ಮನೆ ಮನೆಗೆ ಓಗಿ ಹೇಳಲಾ? ಹೇಳಿದ ಮೇಲೆ ಈ ಬೆಟ್ಟದಲ್ಲಿ ಯಾವ ಮುಖ ಇಟ್ಕೊಂಡು ಇರಲಿ? ಅವರೆಲ್ಲ ಚೆನ್ನಾಗವ್ರೆ. ನಾನು ನೋಡ್ತಾನೇ ಇದೀನಿ, ದೂರದಿಂದ.

ನಾಳೆ ಕುರಿ ಜೊತೆ ಇಳೀತೀನಿ. ಡ್ಯಾಮಿನ ಬಯಲಲ್ಲೇ ಇರ್ತೀನಿ, ಎರಡು ತಿಂಗಳು ಮನೆಯಲ್ಲಿ ಸಿಗಲ್ಲ. ಬರೋ ತೊಂದರೆ ತಗೋಬೇಡ.

ಕುಪ್ಪಸ್ವಾಮಿ

*

ಪಾಲಮಲೆ, ನಿಮ್ಮ ಮನೆ ಜಗುಲಿ
24-3-2024, ಭಾನುವಾರ

ಮಾವ,

ಬೆಳಿಗ್ಗೆ ಮೊದಲು ಡ್ಯಾಮಿನ ಬಯಲಿಗೆ ಹೋದೆ. ನಿಮ್ಮ ಕುರಿ ಇದ್ದವು, ಮುಂದೆ ನಡೆಸುತ್ತಿದ್ದವರು ಮುನಿವೆಂಕಟಪ್ಪ. ಕುಪ್ಪಸ್ವಾಮಿ ಈ ಸಲ ಇಳಿಯಲೇ ಇಲ್ಲ, ಮೇಲೆ ಮನೆಯಲ್ಲಿ ಇದ್ದಾನೆ ಅಂದರು. ಜೀಪು ಹತ್ತಿ ಇಲ್ಲಿಗೆ ಬಂದರೆ ಅತ್ತೆ ಕಣ್ಣೆತ್ತದೆ, ಮಾವ ಡ್ಯಾಮಿಗೆ ಹೋಗಿದ್ದಾರೆ ಎಂದರು. ಜಗುಲಿಯಲ್ಲಿ ನಿಮ್ಮ ಎಲೆ ಚೀಲ ಇತ್ತು. ಬಾಗಿಲ ಪಕ್ಕದಲ್ಲಿ ಒಂದು ಕೋಲು. ಕೋಲಿನ ತುದಿ ಸವೆದಿದೆ.

ಹಿಂದಿನ ಮರಿ ಗುಡಿಸಲಲ್ಲಿ ನೀವು ಇದ್ದೀರಿ ಅಂತ ನನಗೆ ಗೊತ್ತು. ವಾಸನೆ ಬರುತ್ತಿದೆ, ಮಾವ. ಕುರಿ ವಾಸನೆ ಅಲ್ಲ. ಬಾಗಿಲು ತಟ್ಟಬೇಕೆಂದು ಹೋದೆ, ಅತ್ತೆ ಕೈ ಹಿಡಿದುಕೊಂಡರು. ಅವನ ಮಾನ ಕಳೀಬೇಡ, ಆಸ್ಪತ್ರಿಗೆ ನಾನೇ ಕಳಿಸಿಕೊಡ್ತೀನಿ ಎಂದರು. ಅದಕ್ಕೆ ತಟ್ಟಲಿಲ್ಲ. ತಟ್ಟದೆ ಇದ್ದದ್ದು ಸರಿಯೋ ತಪ್ಪೋ ಗೊತ್ತಿಲ್ಲ.

ಚಿನ್ನರಾಜ್‌ಗೆ ಹೇಳಿದ್ದೇನೆ. ನಾಳೆ ಬೆಳಿಗ್ಗೆ ಜೀಪು ಗುಡಿಸಲ ಬಾಗಿಲಿಗೇ ಬರುತ್ತದೆ, ಹಟ್ಟಿಯವರು ಏಳುವ ಮೊದಲು. ನೇರ ಸೇಲಂ ದೊಡ್ಡ ಆಸ್ಪತ್ರೆಗೆ. ಅಲ್ಲಿ ನನ್ನ ಜೊತೆ ಓದಿದ ಗಂಗಾಲಕ್ಷ್ಮಿ ಇದ್ದಾಳೆ, ಯಾರು ಏನು ಅಂತ ಒಂದು ಮಾತೂ ಕೇಳುವುದಿಲ್ಲ. ನೀವು ಹತ್ತಿದರೆ ಸಾಕು.

ಮೇನಕಾ

*

ಸೇಲಂ, ಗಂಡಸರ ವಾರ್ಡು
21-4-2024

ಮೇನಕಾಗೆ,

ಗುಡಿಸಲ ಸಂದಿಯಿಂದ ನಿನ್ನನ್ನ ನೋಡಿದೆ. ನೀನು ಕೂತು ಬರೀತಿದ್ದೆ, ಮಧ್ಯೆ ಒಂದು ಸಲ ಕಣ್ಣು ಒರೆಸಿಕೊಂಡೆ. ಅದಕ್ಕೆ ಜೀಪು ಹತ್ತಿದೆ. ಬೇರೆ ಯಾವುದಕ್ಕೂ ಅಲ್ಲ.

ನೀನು ಹೋದ ಭಾನುವಾರ ಬಂದಾಗ ನಿದ್ದೆ ಬಂದವನಂಗೆ ಮಲಗಿದ್ದೆ, ಮಾತಾಡೋಕೆ ಆಗಲಿಲ್ಲ. ಮಾತಲ್ಲಿ ಬಾರದ್ದು ಬರಹದಲ್ಲಿ ಬರ್ತದೆ. ಗಂಗಾಲಕ್ಷ್ಮಿ ಹತ್ತಿರ ಪೇಪರು ಇಸ್ಕೊಂಡೆ.

ಸುಗರ್ ಐತೆ, ನೀನು ಹೇಳಿದಂಗೆ. ಎಷ್ಟೋ ವರ್ಷದಿಂದ ಐತಂತೆ. ಎಡಗಾಲಿನ ಎರಡು ಬೆರಳು ತೆಗೆದರು. ಅಂಗಾಲಲ್ಲಿ ಜಾಲಿ ಮುಳ್ಳು ಮುರಿದು ಕೂತಿತ್ತು, ಬೆರಳುದ್ದ. ಯಾವತ್ತು ಚುಚ್ಚಿತು ಅಂತ ಡಾಕ್ಟರು ಕೇಳಿದರು. ಹೇಳೋಕೆ ನನಗೇನು ಗೊತ್ತು. ಬರೆ ಹಾಕಿದ ಜಾಗದಲ್ಲಿ ಸತ್ತ ಮಾಂಸ ಎಲ್ಲ ಕೆರೆದು ತೆಗೆದವ್ರೆ, ಈಗ ಅಲ್ಲಿ ಕೋಳಿಮೊಟ್ಟೆ ಇಡೋವಷ್ಟು ಗುಳಿ. ತೊಡೆ ಚರ್ಮ ತಂದು ಮುಚ್ಚುತ್ತಾರಂತೆ. ಕಾಲು ಉಳೀತದೆ ಅಂತ ಹೇಳಿದರು. ಇನ್ನು ಹತ್ತು ದಿನ ತಡ ಆಗಿದ್ದರೆ ಮೊಣಕಾಲ ತನಕ ತೆಗೀಬೇಕಾಗ್ತಿತ್ತಂತೆ.

ಒಂದು ಪರೀಕ್ಷೆ ಮಾಡ್ತಾರೆ ಇಲ್ಲಿ. ಕಣ್ಣು ಮುಚ್ಚಿಸಿ ನೈಲಾನ್ ದಾರದ ತುದಿ ಪಾದಕ್ಕೆ ಒತ್ತುತ್ತಾರೆ, ಮುಟ್ಟಿದಾಗ ಹೇಳಬೇಕು. ನಾನು ಸುಮ್ಮನಿರ್ತೀನಾ, ಅಂದಾಜಲ್ಲಿ ಈಗ, ಈಗ, ಈಗ ಅಂತ ಹೇಳ್ತಾ ಹೋದೆ. ಕಣ್ಣು ಬಿಟ್ಟರೆ ಆ ನರ್ಸಮ್ಮ ದಾರ ಸೆರಗಿಗೆ ಸಿಕ್ಕಿಸಿಕೊಂಡು ಕೈ ಕಟ್ಟಿ ನಿಂತವ್ಳೆ. ತಾತಾ, ಇನ್ನೂ ಶುರುನೇ ಮಾಡಿಲ್ಲ ಅಂದಳು. ವಾರ್ಡೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದೆ.

ಸಾಕಾಗೈತೆ, ಕಣ್ಣು. ಮಲಗೋದೂ ಒಂದು ಕೆಲಸ ಆಗೈತೆ. ಆ ಎಂಟು ಜನ ಮಾತ್ರ ಕಣ್ಣ ಮುಂದೆ ಬರ್ತಾರೆ. ಅವರ ಕಾಲಿಗೆ ಕೊಂಬು ಇಟ್ಟಾಗ ಯಾರು ಕೂಗಿದರು, ಯಾರು ಕೂಗಲಿಲ್ಲ ಅಂತ ನೆನಪು ಮಾಡ್ಕೊಳ್ತೀನಿ. ಸರಿಯಾಗಿ ನೆನಪಿಲ್ಲ. ಅವತ್ತು ನಾನು ಅವರ ಮುಖ ನೋಡಲೇ ಇಲ್ಲ, ಅವರು ನನ್ನ ನೋಡ್ತಾವ್ರಾ ಅಂತ ನೋಡ್ತಿದ್ದೆ.

ಮಾವ

*

ಧರ್ಮಪುರಿ
29-4-2024

ಮಾವನಿಗೆ,

ನೀವು ನಿದ್ದೆ ಮಾಡುತ್ತಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಕಾಲಿನ ಹತ್ತಿರ ಕೂತು ಎದ್ದು ಬಂದೆ.

ಆ ಎಂಟು ಜನರ ಪಾದವನ್ನು ನಾನು ಬಂದು ನೋಡಬಹುದು. ಆದರೆ ನಾನು ಹೇಳಿದರೆ ಟೌನಿನ ಹುಡುಗಿ ಎಂದು ನಗುತ್ತಾರೆ, ಕಾಲು ಮುಚ್ಚಿಕೊಳ್ಳುತ್ತಾರೆ. ನೀವು ಹೇಳಿದರೆ ಇಳಿಯುತ್ತಾರೆ. ನಿಮ್ಮ ಎರಡು ಬೆರಳು ಇಲ್ಲದ ಪಾದ ತೋರಿಸಿ. ನನಗೆ ಅದಕ್ಕಿಂತ ಬೇರೆ ದಾರಿ ಗೊತ್ತಿಲ್ಲ.

ನಿಮ್ಮಿಂದ ಆಗದಿದ್ದರೆ ಬರೆಯಿರಿ, ಕೋಪ ಮಾಡುವುದಿಲ್ಲ. ಈ ತಿಂಗಳೆಲ್ಲ ನನಗೂ ಕೈ ಓಡುತ್ತಿಲ್ಲ. ಆ ಜಾಗಕ್ಕೆ ಸೂಜಿ ಹಿಡಿದರೆ ಮೊದಲು ಪಾದ ಮುಟ್ಟಿ ನೋಡುತ್ತೇನೆ, ಎಲ್ಲರದ್ದೂ.

ಮೇನಕಾ

*

ಪಾಲಮಲೆ
2-6-2024

ಮೇನಕಾ ಕಣ್ಣಿಗೆ,

ಮನೆಗೆ ಬಂದು ಹನ್ನೆರಡು ದಿನ. ಜೀಪು ಇಳಿದಾಗ ಯಾರ ಕಣ್ಣಿಗೂ ಬೀಳದಂಗೆ ಒಳಗೆ ಓಗೋಣ ಅಂತಿದ್ದೆ. ಹಟ್ಟಿಯೆಲ್ಲ ಬಂದು ನಿಂತಿತ್ತು. ಕಬ್ಬಿಣಕ್ಕೆ ಹೆದರದ ಗಂಡಸು ಅಂತ ಮುನಿವೆಂಕಟಪ್ಪ ಅಲ್ಲೂ ಶುರು ಮಾಡಿದ. ನನಗೆ ನಿಲ್ಲೋಕೆ ಶಕ್ತಿ ಇರಲಿಲ್ಲ, ಕಲ್ಲಿನ ಮೇಲೆ ಕೂತೆ. ಹೆದರಲಿಲ್ಲ ಅಂತಲ್ಲ ಲಾ, ಗೊತ್ತೇ ಆಗಲಿಲ್ಲ ಅಂದೆ. ಕಟ್ಟು ಬಿಚ್ಚಿ ತೋರಿಸಿದೆ. ಒಬ್ಬೊಬ್ಬರೇ ಹೊರಟು ಹೋದರು.

ಎರಡು ದಿನ ಯಾರೂ ಬರಲಿಲ್ಲ. ಮೂರನೇ ದಿನ ನಾನೇ ಕೋಲು ಹಿಡಿದು ಹೊರಟೆ. ಡ್ಯಾಮಲ್ಲಿ ಮೀನು ಹಿಡಿಯೋರ ಹತ್ತಿರ ಗಟ್ಟಿ ನೈಲಾನ್ ದಾರ ತರಿಸಿ, ನರ್ಸಮ್ಮ ಹಿಡಿದಷ್ಟೇ ಉದ್ದ ಕತ್ತರಿಸಿ ಇಟ್ಕೊಂಡಿದ್ದೆ. ದಿನಕ್ಕೆ ಒಂದೇ ಮನೆ, ಅದಕ್ಕಿಂತ ನಡೆಯೋಕೆ ಆಗಲ್ಲ. ಓಗಿ ಕೂತು ಮೊದಲು ನನ್ನ ಕಾಲು ತೋರಿಸೋದು, ನಾನು ಹಾಕಿದ ಬರೆ ತಪ್ಪು ಅಂತ ಹೇಳೋದು, ಆಮೇಲೆ ಅವರ ಕಾಲು ಕೇಳೋದು. ಒಬ್ಬ ಬೈದ. ಒಬ್ಬಳು ಕಾಫಿ ಕೊಟ್ಟಳು. ಅರುಣಾಚಲಂ ಅಂತೂ ಬರೆ ಹಾಕಿದ ಮೇಲೇ ಕಾಲು ಸರಿಯಾಗಿದ್ದು, ಬೇಕಾದರೆ ಇನ್ನೊಂದು ಹಾಕು ಅಂತ ಕೂತ. ಎಂಟು ಜನದಲ್ಲಿ ಆರು ಜನ ಮುಟ್ಟಿದ ತಕ್ಷಣ ಕಾಲು ಎಳ್ಕೊಂಡರು. ಇಬ್ಬರಿಗೆ ಅಲ್ಲಲ್ಲಿ ಗೊತ್ತಾಗಲ್ಲ. ಅದರಲ್ಲಿ ಮುನಿವೆಂಕಟಪ್ಪ ಒಬ್ಬ. ಚಪ್ಪಲಿ ಬಿಟ್ಟು ನಡೀಬೇಡ ಅಂತ ಅವನಿಗೆ ನನ್ನದೇ ಇನ್ನೊಂದು ಜೊತೆ ಕೊಟ್ಟು ಬಂದೆ, ನನಗೆ ಈಗ ಒಂದು ಜೊತೆ ಸಾಕು. ಇಬ್ಬರನ್ನೂ ಬುಧವಾರದ ಜೀಪಿಗೆ ಕಳಿಸ್ತೀನಿ.

ಇನ್ನು ಒಂದು ವಿಷಯ. ಇದನ್ನ ಹೆಂಗೆ ಬರೆಯೋದು ಅಂತ ಎರಡು ದಿನದಿಂದ ಪೇಪರು ಇಟ್ಕೊಂಡು ಕೂತಿದೀನಿ.

ಕಡೇ ಮನೆ ಮುಗಿಸಿ ಬಂದ ಮೇಲೆ ಸುಮ್ಮನೆ ತಮಾಷೆಗೆ ನಿನ್ನ ಅತ್ತೆನ ಕೂರಿಸಿದೆ. ಅವಳಿಗೆ ನಾನು ಬರೆ ಹಾಕಿಲ್ಲ, ಅವಳು ಯಾವತ್ತೂ ಕಾಲು ನೋವು ಅಂದವಳೂ ಅಲ್ಲ. ನಾನು ಕಲಿತ ವಿದ್ಯೆ ತೋರಿಸೋಣ ಅಂತ ಅಷ್ಟೇ. ಈಗ ಡಾಕ್ಟರು ಬೇರೆ ಆಗ್ಬಿಟ್ಟೆಯಾ ಅಂತ ನಗಾಡಿದಳು. ಕಾಲು ಚಾಚಿ ಕಣ್ಣು ಮುಚ್ಚಿಕೊಂಡಳು.

ಹೆಬ್ಬೆರಳಿಗೆ ಮುಟ್ಟಿಸಿದೆ. ಅಂಗಾಲಿಗೆ ಮುಟ್ಟಿಸಿದೆ. ದಾರ ಬಗ್ಗೋವರೆಗೂ ಒತ್ತಿದೆ. ಹಿಮ್ಮಡಿಗೆ ಎರಡು ಸಲ, ಆಮೇಲೆ ಇನ್ನೊಂದು ಕಾಲಿಗೆ.

"ಏನ್ ಸುಮ್ಮನೆ ಕೂತ್ಕಂಡೆ, ಮುಟ್ಟೋದಾದ್ರೆ ಬಿರ್ನೆ ಮುಟ್ಟು. ಒಲೆ ಮೇಲೆ ಹಿಟ್ಟು ಐತೆ" ಅಂದಳು.

ಆಯ್ತು ಏಳು, ನಿನ್ನ ಕಾಲು ಚೆನ್ನಾಗೈತೆ ಅಂದೆ. ಎದ್ದು ಓಗಿ ಹಿಟ್ಟು ತಿರುವಿದಳು. ಅವಳು ನಡೆದಾಡೋದನ್ನ ನೋಡ್ತಾ ಕೂತಿದ್ದೆ. ಎಡಗಾಲನ್ನ ಸ್ವಲ್ಪ ಎತ್ತಿ ಎತ್ತಿ ಇಡ್ತಾಳೆ. ಯಾವತ್ತಿಂದಲೋ ಗೊತ್ತಿಲ್ಲ, ನಾನು ಯಾವಾಗಲೂ ಮುಂದೆ ನಡೆಯೋನು.

ಬುಧವಾರ ಆ ಇಬ್ಬರ ಜೊತೆ ನಾವೂ ಇಳೀತೀವಿ. ಅವಳಿಗೆ ವಿಷಯ ಹೇಳಿಲ್ಲ, ಹೇಳಿದರೆ ಕುರಿ ಬಿಟ್ಟು ಬರಲ್ಲ. ನನ್ನ ಕಟ್ಟು ಬಿಚ್ಚಿಸಬೇಕು, ಒಬ್ಬನೇ ಓಗೋಕೆ ಭಯ ಆಗ್ತದೆ ಅಂತ ಹೇಳಿದೀನಿ. ನಾನು ಭಯ ಅಂದದ್ದು ಅವಳು ಇದೇ ಮೊದಲು ಕೇಳಿದ್ದು. ಆಗಲೇ ಸೀರೆ ಮಡಿಸಿ ಚೀಲಕ್ಕೆ ಇಟ್ಟವ್ಳೆ.

ಈ ಕಾಗದ ಡಬ್ಬಕ್ಕಲ್ಲ, ನಾಳೆ ಚಿನ್ನರಾಜ್ ಕೈಯಲ್ಲೇ ನಿನಗೆ ಕೊಡಿಸ್ತೀನಿ. ಧರ್ಮಪುರಿ ಬಸ್ ಸ್ಟ್ಯಾಂಡಿಗೆ ಹನ್ನೊಂದು ಗಂಟೆಗೆ ಬಾ. ಆಸ್ಪತ್ರಿಯಲ್ಲಿ ಮೊದಲು ಅವಳನ್ನ ಕೂರಿಸು. ನನ್ನ ಕಾಲು ಆಮೇಲೆ ನೋಡೋಣ.

ಕುಪ್ಪಸ್ವಾಮಿ